ಎರಡು ಸಲ ಕೇಳಿಸಿದ ಎಂಟು

ಮಧ್ಯಾಹ್ನ ಹಿಡಿದ ಮಳೆ ಬಿಡುವ ಲಕ್ಷಣವೇ ಇರಲಿಲ್ಲ. ನಡುಗಡ್ಡೆಯ ಹಕ್ಕಿಗಳನ್ನೂ ಸೀಲ್ ಎಂಬ ಕಡಲ ಪ್ರಾಣಿಗಳನ್ನೂ ನೋಡಲೆಂದು ಅಷ್ಟು ದೂರದಿಂದ ಬಂದವರೆಲ್ಲ ಟಿಕೆಟ್ ಕೋಣೆಯಲ್ಲಿ, ಬಾಡಿಗೆ ರಬ್ಬರ್ ಬೂಟುಗಳ ಸಾಲಿನ ಪಕ್ಕ, ಒದ್ದೆ ಕೋಟುಗಳನ್ನು ಕುರ್ಚಿಗೆ ನೇತುಹಾಕಿ ಮುದುಡಿ ಕೂತಿದ್ದರು. ಮುದುಕ ಗೈಡ್ ಮಾತ್ರ ಸ್ಟೂಲಿನ ಮೇಲೆ ಕೂತು ಉದ್ದದ ಹಗ್ಗಕ್ಕೆ ಮಾರುದ್ದಕ್ಕೊಂದರಂತೆ ಗಂಟು ಹಾಕುತ್ತಿದ್ದ.

"ನಾವೇನು ನರ್ಸರಿ ಮಕ್ಕಳಾ ಅಜ್ಜ, ಹಗ್ಗ ಹಿಡ್ಕೊಂಡು ಸಾಲಾಗಿ ಹೋಗೋಕೆ?" ಹೊಸದಾಗಿ ಮದುವೆಯಾಗಿ ಬಂದಿದ್ದವಳು ಗಂಡನ ಕಡೆ ನೋಡಿ ನಕ್ಕಳು.

ಮುದುಕ ನಗಲಿಲ್ಲ. "ಹತ್ರ ಬನ್ನಿ. ಮಳೆ ಸದ್ದಲ್ಲಿ ಕೂಗಿ ಹೇಳೋ ವಿಷಯ ಅಲ್ಲ ಇದು..."

ಎಲ್ಲರೂ ಕುರ್ಚಿ ಎಳೆದುಕೊಂಡರು.

"ಮೊದಲು ಈ ಕೆಲಸ ನಮ್ಮಕ್ಕ ಮಾಡ್ತಿದ್ಲು. ಕಡಲು ಇಳಿದಾಗ ಕೆಸರು ನೆಲದ ಮೇಲೆ ಒಂದೂವರೆ ಗಂಟೆ ನಡೆದು ನಡುಗಡ್ಡೆಗೆ ಹೋಗ್ಬೇಕು, ಉಬ್ಬರ ಬರೋದ್ರೊಳಗೆ ವಾಪಸ್ ಬರ್ಬೇಕು. ಎಲ್ಲಿ ಕಾಲಿಟ್ರೆ ಗಟ್ಟಿ, ಎಲ್ಲಿ ಇಟ್ರೆ ಮೊಣಕಾಲು ನುಂಗತ್ತೆ, ಕಣ್ಣುಮುಚ್ಕೊಂಡು ಹೇಳೋಳು. ಆಗ ಹಗ್ಗ ಗಿಗ್ಗ ಏನಿರ್ಲಿಲ್ಲ. ಒಂದ್ಸಲ ಒಬ್ಬ ಫೋಟೋದವನು ಬಂದ, ಕುತ್ತಿಗೆಗೆ ಇಷ್ಟಗಲದ ಪಟ್ಟಿ, ಅದಕ್ಕೆ ಕಲ್ಲಿನಷ್ಟು ಭಾರದ ಕ್ಯಾಮೆರಾ. 'ಸೀಲ್ ಮರಿ ಹಾಲು ಕುಡೀತಿದೆ ಅಕ್ಕ, ಇನ್ನೊಂದೇ ಫೋಟೋ' ಅಂತ ಹಿಂದೆ ಉಳ್ಕೊಂಡ. ಅಕ್ಕ ಕೂಗಿದ್ಲು, ಬೈದ್ಲು, ನೀರು ಏರ್ತಿತ್ತು, ಕೊನೆಗೆ ಉಳಿದೋರನ್ನ ಕರ್ಕೊಂಡು ಬಂದೇಬಿಟ್ಲು. ತಪ್ಪಾ? ನೀವೇ ಹೇಳಿ, ಒಬ್ಬನ ಹಟಕ್ಕೆ ಹನ್ನೊಂದು ಜನರನ್ನ ಮುಳುಗಿಸ್ಬೇಕಿತ್ತಾ? ಅವನ ಹೆಣಾನೂ ಸಿಗ್ಲಿಲ್ಲ. ಅವತ್ತಿಂದ ಹಗ್ಗ ಬಂತು.

"ಮುಂದಿನ ವರ್ಷ, ಹಾಡಹಗಲು, ಅಕ್ಕನ ಹಿಂದೆ ಎಂಟು ಜನ ಹೊರಟ್ರು. ಒಬ್ಬೊಬ್ಬರಿಗೆ ಒಂದು ಗಂಟು, ಅದೇ ಅವರ ನಂಬರ್. ಕೊನೇ ಗಂಟು ಹಿಡಿದೋಳು ಒಬ್ಬ ಟೀಚರ್, ಸಣ್ಣ ದನಿ, ಕಂಡ ಹಕ್ಕಿ ಹೆಸರನ್ನೆಲ್ಲ ಪುಟ್ಟ ಪುಸ್ತಕದಲ್ಲಿ ಬರ್ಕೊಳ್ಳೋಳು. ವಾಪಸ್ ಬರೋವಾಗ ಮಂಜು ಇಳೀತು ನೋಡಿ... ಚಾಚಿದ ಕೈ ನಮಗೇ ಕಾಣ್ದಂಥ ಮಂಜು. ನಾನು ದಡದಲ್ಲಿ ನಿಂತು ಗಂಟೆ ಬಾರಿಸ್ತಿದ್ದೆ, ಆ ಸದ್ದೇ ಅಕ್ಕನಿಗೆ ದಾರಿ. ಕಾಲಡಿ ನೀರು ಹರಿಯೋಕೆ ಶುರುವಾಗಿತ್ತು. ಅಕ್ಕ ನಿಂತು 'ಎಲ್ರೂ ನಿಮ್ ನಿಮ್ ನಂಬರ್ ಹೇಳಿ' ಅಂತ ಕೂಗಿದ್ಲು. ಒಂದು, ಎರಡು, ಮೂರು... ಏಳು. ಎಂಟು. ಆಮೇಲೆ... ಇನ್ನೊಂದು ಎಂಟು."

ಹೊಸ ಮದುವಣಗಿತ್ತಿ ಗಂಡನ ತೋಳು ಹಿಡಿದುಕೊಂಡಳು. ನಗು ಯಾವಾಗ ನಿಂತಿತೆಂದು ಅವಳಿಗೇ ಗೊತ್ತಾಗಿರಲಿಲ್ಲ.

"ಮತ್ತೆ ಕೂಗಿಸಿದ್ಲು. ಮತ್ತೂ ಎರಡು ಎಂಟು. ಗಾಳಿಗೆ ಸಿಕ್ಕಿ ಎರಡೂ ಪಿಸುಮಾತಿನ ಥರ, ಗಂಡೋ ಹೆಣ್ಣೋ ತಿಳೀತಿಲ್ಲ. ಅಷ್ಟರಲ್ಲಿ ಹಗ್ಗ ಹಿಂದಕ್ಕೆ, ಕಡಲ ಕಡೆಗೆ, ಜಗ್ಗೋಕೆ ಶುರುವಾಯ್ತು. ಮುಂದಿದ್ದವರೆಲ್ಲ ಮುಗ್ಗರಿಸಿದ್ರು. ಅಕ್ಕ ಸೊಂಟದ ಚಾಕು ತೆಗೆದು, ಹಗ್ಗ ಸವರ್ತಾ, ಒಬ್ಬೊಬ್ಬರ ಭುಜ ಮುಟ್ಟಿ ಎಣಿಸ್ತಾ ಹಿಂದಕ್ಕೆ ಹೋದ್ಲು. ಆರು... ಏಳು... ಎಂಟನೇ ಭುಜಾನೂ ಕೈಗೆ ಸಿಕ್ತು. 'ಟೀಚರಾ?' ಅಂದ್ಲು. 'ಹ್ಞೂಂ' ಅಂತು. ಸದ್ಯ, ಎಂಟು ಜನಾನೂ ಇದ್ದಾರೆ. ಆದ್ರೆ ಅದರಾಚೆ ಹಗ್ಗ ಇನ್ನೂ ಬಿಗಿದು ನಿಂತಿದೆ, ಯಾರೋ ಜಗ್ತಾ ಇದ್ದಾರೆ. ಹಾಗಾದ್ರೆ ಅದು ಯಾರು? ಅವಳಿಗೆ ಹೊಳೆದಿದ್ದು ಒಬ್ಬನೇ. ಎಂಟನೆಯವರ ಹಿಂದೆ ಹಗ್ಗಕ್ಕೆ ಚಾಕು ಇಟ್ಲು. ಇಟ್ಟಿದ್ದೇ ತಡ, ಆಚೆಯಿಂದ ಕಿರುಚಾಟ, 'ಅಕ್ಕಾ, ಕತ್ತರಿಸ್ಬೇಡಿ, ನಾನು ಟೀಚರ್! ಕಾಲು ಹೂತುಹೋಗಿದೆ!' ಅಂತ. ನೀವಾಗಿದ್ರೆ ಏನ್ಮಾಡ್ತಿದ್ರಿ? ಸತ್ತೋನು ದನಿ ಬದಲಿಸಿ ಕರೀತಿದ್ದಾನೆ ಅಂದ್ಕೊಂಡ್ಲು... ಕತ್ತರಿಸಿಬಿಟ್ಲು.

"ದಡದಲ್ಲಿ ನಾನೇ ಒಬ್ಬೊಬ್ಬರನ್ನ ಕೈಹಿಡಿದು ಮೇಲಕ್ಕೆಳೆದೆ. ಏಳು ಜನ. ಹಗ್ಗ ಎಳ್ಕೊಂಡೆ, ಏಳೇ ಗಂಟು. ಅಕ್ಕ ತನ್ನ ಅಂಗೈ ನೋಡ್ಕೊಂಡು ನಿಂತುಬಿಟ್ಲು. 'ಎಂಟನೇ ಭುಜದ ಮೇಲೆ ಪಟ್ಟಿ ಇತ್ತು ಕಣೋ' ಅಂದ್ಲು. 'ಅಗಲದ ಪಟ್ಟಿ... ಟೀಚರ್ ಹತ್ರ ಕ್ಯಾಮೆರಾನೇ ಇರ್ಲಿಲ್ಲ ಕಣೋ.'

"ದೋಣಿ ಇಳಿಸಿದ್ವಿ, ಮೂರು ದಿನ ಹುಡುಕಿದ್ವಿ. ಆ ಹೆಣ್ಣುಮಗಳು ಸಿಗ್ಲಿಲ್ಲ. ಅಕ್ಕ ಮತ್ತೆ ಕೆಸರಿಗೆ ಕಾಲಿಡ್ಲಿಲ್ಲ. ಹತ್ತೊಂಬತ್ತು ವರ್ಷ ಬದುಕಿದ್ಲು, ಬೆನ್ನ ಹಿಂದೆ ಯಾರನ್ನೂ ನಡೆಯೋಕೆ ಬಿಡ್ಲಿಲ್ಲ. ಅಡುಗೆಮನೇಲೂ ಬೆನ್ನು ಗೋಡೆಗೇ."

"ಅದೆಲ್ಲ ಹಳೇದು ಅಲ್ವಾ ಅಜ್ಜ? ಈಗೇನಿಲ್ಲ ತಾನೇ?" ಮದುವಣಗಿತ್ತಿ ಹಗ್ಗದ ಕಡೆಗೇ ನೋಡುತ್ತಾ ಕೇಳಿದಳು.

"ಈಗ ಮುಂದೆ ನಡೆಯೋಳು ನನ್ನ ಮಗಳು. ಕೊನೇ ಗಂಟು ನಂದು, ಅದನ್ನ ಯಾರ ಕೈಗೂ ಕೊಡಲ್ಲ. ಚಾಕು ಇಟ್ಕೊಳ್ಳಲ್ಲ. ಮಂಜಿದ್ದ ದಿನ ಮನೆಗೆ ಬಂದ್ಮೇಲೆ ಅವಳು ರೇಗ್ತಾಳೆ, 'ಅಪ್ಪಾ, ನಿನ್ ನಂಬರ್ ಒಂದ್ಸಲ ಹೇಳಿದ್ರೆ ಸಾಲ್ದಾ? ಎರಡೆರಡು ಸಲ ಯಾಕೆ ಕೂಗ್ತೀಯಾ?' ಅಂತ. ವಯಸ್ಸಾಯ್ತಲ್ಲ ಮಗಾ, ಅಂತ ನಕ್ಕು ಸುಮ್ನಾಗ್ತೀನಿ..."

ಮುದುಕ ಹಗ್ಗವನ್ನು ಸುತ್ತಿ ತೊಡೆಯ ಮೇಲಿಟ್ಟುಕೊಂಡ.

"ಅವಳಿಗೆ ಹೇಗೆ ಹೇಳ್ಲಿ? ಮಂಜಲ್ಲಿ ನನ್ನ ದನೀನೇ ಹೊರಡಲ್ಲ... ನಾನು ನಂಬರ್ ಹೇಳೋದನ್ನ ಬಿಟ್ಟು ಎಷ್ಟೋ ವರ್ಷ ಆಯ್ತು."