ಝೀತೂನ್ ನಿಂತ ಕಡೆ

...ಇಲ್ಲ ಲಮೀನಣ್ಣ, ಕಾಲೇನೂ ನೆಂದಿಲ್ಲ. ಬರೀ ಇಬ್ಬನಿ. ಮೊದಲು ಚಹಾ ಹಿಡಿ, ಬಿಸಿ ಇದೆ. ರೊಟ್ಟೀನೂ ಈಗಷ್ಟೇ ಒಲೆಯಿಂದ ತೆಗೆದದ್ದು, ಹರೀಸಾ ಚಟ್ನಿ ಸ್ವಲ್ಪಾನೇ ಹಚ್ಚಿದ್ದೀನಿ, ಖಾರ ಬೇಡ ಅಂದಿದ್ದಾರಲ್ಲ ಬೇಜಾ ಪಟ್ಟಣದ ಡಾಕ್ಟರು. ನಾನೂ ಒಂದು ಗಳಿಗೆ ಕೂತ್ಕೋತೀನಿ... ಆಮೇಲೆ ಎಲ್ಲಾ ಹೇಳ್ತೀನಿ.

ಹೂಂ, ಹಳ್ಳದ ದಾರೀಲೇ ಹೋದ್ವಿ. ನೀನು ಸೊಂಟ ಮುರ್ಕೊಳ್ಳೋಕೆ ಮುಂಚೆ ಹೋಗ್ತಿದ್ದ ದಾರೀನೇ. ಝೀತೂನ್ ಮುಂದೆ, ನಾನು ಹಿಂದೆ. ನಿನ್ನ ನಾಯಿ ನಿನ್ನ ಹಾಗೇ ಮೊಂಡು. ಹಗ್ಗ ಹಿಡಿದವಳು ನಾನು, ಎಳ್ಕೊಂಡು ಹೋಗೋದು ಅದು. ಯಾಕೆ ನಗ್ತೀಯ? ಆಲಿವ್ ಮರದಿಂದ ಬಿದ್ದವನು ನೀನು, ನಾಯಿ ತಿರುಗಾಡಿಸೋ ಕೆಲಸ ನಿನ್ನ ತಂಗಿ ತಲೆಗೆ.

ಮೊದಲನೇ ದಿನ ನೆನಪಿದೆಯಾ? ಅದರ ಒದ್ದೆ ಮೂಗು ತಾಗಿದ್ರೆ ಮತ್ತೆ ಬಟ್ಟೆ ಬದಲಾಯಿಸಿ ನಮಾಜಿಗೆ ನಿಲ್ಲಬೇಕು ಅಂತ ಎಷ್ಟು ಗೊಣಗಿದ್ದೆ. ನೀನು ಮಲಗಿದ್ದಲ್ಲಿಂದಲೇ ಹೇಳಿದೆ, "ಸಾಲ್ಹಾ, ದಾರಿ ನೋಡ್ಕೊಂಡು ನಡೀಬೇಡ. ಅದು ಎಲ್ಲಿ ನಿಲ್ಲುತ್ತೋ ಅಲ್ಲಿ ಬಗ್ಗಿ ನೋಡು." ನೋಡಿದೆ. ಕಲ್ಲಿನ ಸಂದೀಲಿ ಮುಳ್ಳಿಲಿ. ಮುಷ್ಟಿಯಷ್ಟು ಜೀವ, ಉಸಿರು ತಗೊಂಡಾಗ ಮುಳ್ಳೆಲ್ಲ ಮೇಲೇಳೋದು, ಬಿಟ್ಟಾಗ ಇಳಿಯೋದು... ಹುಟ್ಟಿದ ಊರಲ್ಲೇ ಮುದುಕಿಯಾದೆ, ಅಂಥದ್ದೊಂದನ್ನ ಕಂಡಿರಲಿಲ್ಲ. ಝೀತೂನ್ ಅದನ್ನ ಮುಟ್ಟಲಿಲ್ಲ. ಸುಮ್ಮನೆ ಕೂತು ನೋಡ್ತಿತ್ತು. ಪಕ್ಕದಲ್ಲಿ ನಾನೂ ಕೂತುಬಿಟ್ಟೆ.

ಇವತ್ತಾ? ಇವತ್ತು... ಎದೆ ಕೆಂಪಗಿರೋ ಆ ಪುಟ್ಟ ಹಕ್ಕಿ, ಕಳ್ಳಿ ಬೇಲಿ ಮೇಲಿತ್ತು. ನಿನ್ನೇನೂ ಅದನ್ನೇ ಹೇಳಿದ್ನಾ? ಮೊನ್ನೇನೂ? ಅದು ದಿನಾ ಬಂದು ಕೂತ್ರೆ ನಾನೇನು ಮಾಡ್ಲಿ. ಸರಿ, ಬೇರೆ ಕೇಳು. ಆಮೆ. ಹಳೇ ಬಾವಿ ಹತ್ತಿರ ಹುಲ್ಲು ಕಿತ್ತು ಮೆಲ್ತಾ ಇತ್ತು. ಝೀತೂನ್ ಹೋಗಿ ಮೂಸಿತು, ಅದು ತಲೆ ಒಳಗೆಳ್ಕೊಂಡ್ತು...

ಯಾಕೆ ಹಾಗೆ ನೋಡ್ತೀಯ?

ಬಿಸಿಲಿತ್ತಣ್ಣ. ಚಳಿಗಾಲ ಹೌದು, ಆದ್ರೂ ಒಂದು ಗಳಿಗೆ ಬಿಸಿಲು ಬಂತು. ಗೊತ್ತು... ಮಣ್ಣೊಳಗೆ ಹೋದ ಆಮೆ ಬಾದಾಮಿ ಹೂ ಬಿಟ್ಟ ಮೇಲೇ ಏಳೋದು ಅಂತ ನೀನೇ ಹೇಳಿದ್ದೆ. ಇದ್ಯಾವುದೋ ನಿದ್ದೆಗೆಟ್ಟ ಆಮೆ.

ಏನಾದ್ರೂ ಅನ್ನು. ಆಮೆಗೂ ಹುಚ್ಚು ನಿನಗೂ ಹುಚ್ಚು ಅಂತಾದ್ರೂ ಅನ್ನು. ದಿನಾ ಎಷ್ಟು ಪ್ರಶ್ನೆ ಕೇಳೋನು ನೀನು... ಲೋಟ ಯಾಕೆ ಕೆಳಗಿಟ್ಟೆ?

ಅಂಗಳದ ಕಡೆ ಏನು ನೋಡ್ತೀಯ? ಅಲ್ಲೇ, ಮೇಕೆ ಕೊಟ್ಟಿಗೆ ಹಿಂದೆ ಮಲಗಿದೆ. ಹೇಳಿದ್ನಲ್ಲ, ವಯಸ್ಸಾಯ್ತು, ಬೊಗಳೋದೂ ಬಿಟ್ಟಿದೆ ಅಂತ...

ಅಳಬೇಡ. ನೀನು ಅತ್ರೆ ನನಗೆ ಹೇಳೋಕಾಗಲ್ಲ.

ಆ ದೊಡ್ಡ ಮಳೆ ಬಿಟ್ಟ ದಿನ. ಹಳ್ಳದ ತಿರುವಲ್ಲಿ, ಪೊದೆ ಬುಡದಲ್ಲಿ, ಕುರಿ ಮೇಯಿಸೋರು ಯಾರೋ ನರಿಗೆ ಅಂತ ಮಾಂಸದಲ್ಲಿ ವಿಷ ಇಟ್ಟಿದ್ರು. ಝೀತೂನ್ ಅಲ್ಲಿ ನಿಂತ್ಕೊಂಡ್ತು. ನಾನು... ನೀನು ಹೇಳಿಕೊಟ್ಟ ಹಾಗೆ ಬಗ್ಗಿ ನೋಡಿದೆ, ಯಾವುದೋ ಜೀವ ಇರಬೇಕು ಅಂತ. ಹಗ್ಗ ಎಳೀಬೇಕು ಅಂತ ಹೊಳೀಲಿಲ್ಲ. ಅಷ್ಟರಲ್ಲಿ ನುಂಗಿಬಿಟ್ಟಿತ್ತು.

ಪಕ್ಕದ ಮನೆ ಮನೂಬಿಯಾ ತೋಟದಲ್ಲಿದ್ಲು. ಕೂಗಿದೆ. ಓಡಿಹೋಗಿ ಎಣ್ಣೆ ತಂದು ಬಾಯಿಗೆ ಸುರಿದ್ಲು. ಆಗಲಿಲ್ಲಣ್ಣ. ನನ್ನ ತೊಡೆ ಮೇಲೇ ತಲೆ ಇಟ್ಟಿತ್ತು, ಕಣ್ಣು ನನ್ನ ಮೇಲೇ ಇತ್ತು. ಮೈಮೇಲೆ ಹೊದ್ದುಕೊಂಡಿದ್ದ ಬಿಳೀ ಸಫ್ಸಾರಿ ಹೊದಿಕೇಲೇ ಸುತ್ತಿದೆ, ಅಮ್ಮನದ್ದು ಅದು. ಇಬ್ಬರೂ ಸೇರಿ ಹಳ್ಳದ ಮೇಲ್ಗಡೆ ಅಗೆದು ಮಣ್ಣು ಮಾಡಿದ್ವಿ.

ನಿನಗೆ ಹೇಗೆ ಹೇಳ್ಲಿ? ನಾಳೆ ಹೇಳೋಣ, ನಾಳೆ ಹೇಳೋಣ ಅಂತ... ಮಾರನೇ ದಿನ ಒಬ್ಬಳೇ ಹೋದೆ. ಬಂದು ನಿನಗೆ ಹೇಳೋಕೆ ಏನಾದ್ರೂ ಬೇಕಲ್ಲ. ಏನೂ ಕಾಣಲ್ಲಣ್ಣ. ಅದೇ ದಾರಿ, ಅದೇ ಕಲ್ಲು, ಎಲ್ಲಿ ನಿಲ್ಲಬೇಕು ಅಂತಲೇ ಗೊತ್ತಾಗಲ್ಲ. ಆ ಕೆಂಪೆದೆ ಹಕ್ಕಿ ಒಂದು ಬೇಲಿ ಮೇಲೇ ಕೂತಿರುತ್ತೆ, ಅಷ್ಟೇ. ಅದಕ್ಕೇ... ನೀನು ಹಿಂದೆ ಕಂಡು ನನಗೆ ಹೇಳಿದ್ದನ್ನೇ ನಿನಗೆ ತಿರುಗಿ ಹೇಳಿದೆ.

ಅಣ್ಣ... ನಿನಗೆ ಆಶ್ಚರ್ಯಾನೇ ಆಗ್ತಿಲ್ಲ.

ಗೊತ್ತಿತ್ತಾ? ಮನೂಬಿಯಾ ಹೇಳಿದ್ಲಾ? ಯಾವಾಗ... ಆವತ್ತೇನಾ?

ಮತ್ತೆ ದಿನಾ ಬೆಳಿಗ್ಗೆ ಎಬ್ಬಿಸ್ತಿದ್ದೆಯಲ್ಲ, "ಏಳು ಸಾಲ್ಹಾ, ಝೀತೂನ್ ಕಾಯ್ತಿದೆ" ಅಂತ. ಗೊತ್ತಿದ್ದೂ ಎಬ್ಬಿಸ್ತಿದ್ದೆಯಾ? ಬರೀ ಹಗ್ಗ ಹಿಡ್ಕೊಂಡು ಹೋಗೋ ತಂಗೀನ ಈ ಕಿಟಕಿಯಿಂದ ನೋಡ್ತಾ... ಬಂದು ಸುಳ್ಳು ಹೇಳಿದ್ರೆ ಕೇಳ್ತಾ... ಯಾಕಣ್ಣ?

ಯಾಕೆ ಅಂತ ಕೇಳ್ತಿದ್ದೀನಿ.

...

ಓ. ನಾನು ಮತ್ತೆ ಬಾಗಿಲು ಹಾಕ್ಕೊಂಡು ಕೂತುಬಿಡ್ತೀನಿ ಅಂತಾನಾ. ನನ್ನ ಗಂಡ ತೀರ್ಕೊಂಡ ಮೇಲೆ ಕೂತಿದ್ನಲ್ಲ, ವರ್ಷಗಟ್ಟಲೆ, ಹೊಸ್ತಿಲೂ ದಾಟದೆ... ಹಾಗೆ.

ಇರಲಿ, ಕೈ ಬಿಡಬೇಡ. ಚಹಾ ಆರಿತು, ಆಮೇಲೆ ಬಿಸಿ ಮಾಡ್ತೀನಿ.

ನಾಳೇನೂ ಹೋಗ್ತೀನಿ ಅಣ್ಣ. ಏನೂ ಕಾಣದಿದ್ರೆ, ಏನೂ ಕಾಣಲಿಲ್ಲ ಅಂತಲೇ ಬಂದು ಹೇಳ್ತೀನಿ.