ಜನಗಣತಿಗೆ ಬಂದವಳು

...ಅಯ್ಯೋ, ಬಾಗಿಲಲ್ಲೇ ನಿಂತ್ರೆ ಹೇಗೆ ತಾಯಿ, ಮನೆಯೆಲ್ಲಾ ತಣ್ಣಗಾಗುತ್ತೆ! ಬನ್ನಿ, ಒಲೆ ಹತ್ರ ಕೂತ್ಕೊಳ್ಳಿ. ಬೆಳಗಿನಿಂದ ನಿಮ್ಮ ದಾರೀನೇ ಕಾಯ್ತಿದ್ದೆ. ಗಣತಿಯವರು ಇವತ್ತು ನಮ್ಮ ಮಹಡಿಗೆ ಬರ್ತಾರೆ ಅಂತ ಪಕ್ಕದ ಕೋಣೆ ಜಿನೈದಾ ಹೇಳಿದ್ಲು. ಕಣ್ಣಿಗೆ ಪೊರೆ ಬಂದಿದೆ ನನಗೆ, ನಿಮ್ಮ ಮುಖ ಬರೀ ಮಬ್ಬು...

ಹೂಂ, ಬರ್ಕೊಳ್ಳಿ. ಪೆಲಗೆಯಾ ಯೆಫಿಮೊವ್ನಾ, ಐವತ್ತೆಂಟು. ಗಂಡ ಇಲ್ಲ, ಯುದ್ಧದಲ್ಲಿ ಹೋದ. ಒಬ್ಬಳೇ ಮಗಳು, ಟೋನ್ಯಾ. ಇಪ್ಪತ್ತೊಂದು, ಕಾರ್ಖಾನೆ ಕೆಲಸ. ಜನಾಂಗ ರಷ್ಯನ್. ಇಬ್ಬರೂ ರಷ್ಯನ್! ಮಾತೃಭಾಷೆ... ಅದೂ ರಷ್ಯನ್ನೇ ಕಣಮ್ಮ, ಇನ್ನೇನು?

ಯಾಕೆ, ಬರೀತಿಲ್ವಾ? ಪೆನ್ಸಿಲ್ ಸದ್ದೇ ಇಲ್ಲ. ಕೈ ಮರಗಟ್ಟಿದ್ಯಾ? ಚಹಾ ಕುಡೀರಿ ಮೊದಲು.

ಸರಾಟೊವ್‌ನಲ್ಲಿ ಈಗ ಆರು ಲಕ್ಷ ಜನ ಇರಬಹುದಂತೆ, ರೇಡಿಯೋದಲ್ಲಿ ಹೇಳಿದ್ರು. ಇರಲಿ. ಹೋದವರ ಲೆಕ್ಕ ಯಾರು ಹಿಡೀತಾರೆ? ಇಪ್ಪತ್ತೊಂದರ ಬರಗಾಲದಲ್ಲಿ ಹೋದವರು... ಆಮೇಲೆ ನಮ್ಮೂರ ಜರ್ಮನ್ನರು. ಹೊರಗಿನವರಲ್ಲ ತಾಯಿ, ತಲೆತಲಾಂತರದಿಂದ ಈ ವೋಲ್ಗಾ ನೀರೇ ಕುಡಿದವರು! ನಲವತ್ತೊಂದರಲ್ಲಿ, ಯುದ್ಧ ಹತ್ತಿದ್ದೇ ತಡ, ಜರ್ಮನ್ನರು ಅನ್ನೋ ಒಂದೇ ಕಾರಣಕ್ಕೆ ರೈಲಿಗೆ ತುಂಬಿ ಕಜಾಕಿಸ್ತಾನಕ್ಕೆ ಅಟ್ಟಿದ್ರು. ಎದುರು ಕೋಣೆಯಲ್ಲಿ ಅಮಾಲಿಯಾ ಇದ್ಲು, ನನ್ನ ಗೆಳತಿ. ಅವಳ ಕೂಸು ಲೀಡಾಗೆ ಜ್ವರ, ಮೈ ಸುಡ್ತಿತ್ತು. ನನ್ನ ಮಡಿಲಿಗೆ ಹಾಕಿ ಹೋದ್ಲು. 'ಬಂದು ಕರ್ಕೊಂಡು ಹೋಗ್ತೀನಿ ಪೊಲ್ಯಾ' ಅಂದ್ಲು; ನನ್ನನ್ನ ಹಾಗೇ ಕರೀತಿದ್ಲು.

ಆ ಚಳಿಗಾಲಕ್ಕೇ ಕೂಸು ತೀರ್ಕೊಂಡ್ತು. ಅವಳಿಗೆ ಕಾಗದ ಬರೆದು ತಿಳಿಸ್ದೆ. ಯಾಕೆ ಹಾಗೆ ಲೋಟ ಕುಕ್ಕಿದ್ರಿ? ನಿಜಾನೇ ಹೇಳ್ತಿರೋದು!

ಈಗಲೂ ಬರುತ್ತೆ ಕಣಮ್ಮ ಅದು. ಹಾಡುಹಗಲೇ. ಆ ಬೀರು ಪಕ್ಕ ನಿಂತು, 'ಅಮ್ಮಾ, ನನ್ನ ಹೆಸರು ಯಾರಿಗೆ ಕೊಟ್ಟೆ?' ಅಂತ ಕೇಳುತ್ತೆ... ಏನು? ಲೀಡಾ ನನ್ನನ್ನ ಯಾಕೆ ಅಮ್ಮ ಅಂತಾಳೆ ಅಂತ ಯೋಚಿಸ್ತಿದೀರಾ? ಚಿಕ್ಕದು ಅಲ್ವಾ... ಅಭ್ಯಾಸ ಆಗಿರುತ್ತೆ...

ಚೀಲದಿಂದ ಏನದು ತೆಗೆದ್ರಿ? ಗಣತಿ ಹಾಳೆಯಾ? ಕೊಡಿ, ಮುಟ್ಟಿ ನೋಡ್ತೀನಿ. ಕಾಗದದ ಹೂವು... ಮೇಣ ಹಚ್ಚಿದ್ದು. ಚಳಿಗಾಲದಲ್ಲಿ ಗೋರಿ ಮೇಲಿಡೋದು ಇದು. ಗಣತಿಯವರ ಚೀಲದಲ್ಲಿ ಇದ್ಯಾಕೆ...

ಯಾರು ನೀವು? ಮಾತಾಡಿ! ಕೈ ಕೊಡಿ ಇಲ್ಲಿ.

ಈ ಕೈ ನನಗೆ ಗೊತ್ತು... ಅಮಾಲಿಯಾ...

ಬೈಯಿ, ಹೊಡಿ, ಏನಾದ್ರೂ ಮಾಡು! ನಿನ್ನ ಮಗಳಿಗೆ ಜ್ವರ ಇಳೀತು, ನನ್ನ ಟೋನ್ಯಾಗೆ ಹತ್ತಿತು. ಸತ್ತ ನನ್ನ ಮಗಳ ಹೆಸರು ನಿನ್ನ ಕೂಸಿಗೆ ಕೊಟ್ಟು, ಅದನ್ನೂ ರೈಲಿಗೆ ಹತ್ತಿಸದ ಹಾಗೆ ಉಳಿಸ್ಕೊಂಡೆ. ಹಾಗಂತ ನಿನಗೆ ಬರೀಬಹುದಿತ್ತು... ಗುಟ್ಟಾಗಿ ಬರೀಬಹುದಿತ್ತು. ಒಂದನ್ನ ಮಣ್ಣು ಮಾಡಿ ಬಂದಿದ್ದೆ ಕಣೇ, ಇನ್ನೊಂದನ್ನ ಕೊಡೋಕೆ ನನ್ನ ಕೈಲಿ ಆಗ್ಲಿಲ್ಲ.

ಗೋರಿಯ ಶಿಲುಬೆ ಮೇಲೆ ಲೀಡಾ ಅಂತಾನೇ ಇದೆ. ಕೆಳಗೆ ಮಲಗಿರೋದು ನನ್ನ ಮಗಳು. ಹೂವು ನನ್ನ ಹತ್ರಾನೇ ಇರಲಿ.

ನಿನ್ನ ಮಗಳು ನಾಲ್ಕು ಗಂಟೆಗೆ ಬರ್ತಾಳೆ. ಕೂತ್ಕೋ.