ವಿಲ್ಫ್ ಮರೆಯುವ ಮೂರನೇ ಚರಣ

ನಲವತ್ತು ವರ್ಷದಿಂದ ತಮಾಷೆಯ ಹಾಡು ಕಟ್ಟಿ ಹಾಡುತ್ತಿರುವ ವಿಲ್ಫ್ ಆಕ್ರಾಯ್ಡ್ ಹಾಡಲು ಬರುವ ಗುರುವಾರಗಳಂದು, ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನ ನಮ್ಮ ಪಬ್ಬಿನಲ್ಲಿ ಮಹಡಿಯ ಹಾಡುವ ಕೋಣೆಗೆ ಹೋಗುವ ಮೆಟ್ಟಿಲ ತುಂಬ ಜನ. ಅವತ್ತು ನನ್ನ ಮುಂದೆ ಮ್ಯಾವಿಸ್ ಮತ್ತು ಬೆರಿಲ್ ಎಂಬ ಇಬ್ಬರು ಅಜ್ಜಿಯರು ನಿಂತಿದ್ದರು.

“ಇವತ್ತೂ ವಿಲ್ಫ್ ಕ್ಯಾರವಾನ್ ಹಾಡು ಮರೆತ್ರೆ ಏನೇ ಮಾಡೋದು?” ಎಂದರು ಮ್ಯಾವಿಸ್.

“ಹೋದ್ಸಲದ ಹಾಗೇ. ಅವನು ತಡವರಿಸೋಕೆ ಮುಂಚೆ ನಾವೇ ಜೋರಾಗಿ ಶುರು ಮಾಡೋದು. ಮೂರನೇ ಚರಣ, ಕ್ಯಾರವಾನ್ ಒಳಗೆ ಕೋಳಿ ಮೊಟ್ಟೆ ಇಡೋದು.”

“ನನಗೇ ಹೇಳ್ಕೊಡ್ತೀಯಾ? ಆ ಕ್ಯಾರವಾನ್ ನನ್ನ ಗಂಡಂದೇ ಕಣೇ. ರಜೆಗೆ ಕಾರಿಗೆ ಕಟ್ಟಿ ಊರೂರು ಸುತ್ತೋಣ ಅಂತ ತಂದ ಗಾಲಿಮನೆ, ಮೂವತ್ತು ವರ್ಷ ಗೇಟು ದಾಟಲಿಲ್ಲ.”

“ವಿಲ್ಫ್ ಅದರ ಮೇಲೆ ಕಟ್ಟಿದ ಹಾಡು ಮಾತ್ರ ದೇಶವೆಲ್ಲ ಸುತ್ತಿ ಬಂತು.”

“ನಾವು ಕಾಪಾಡ್ತಿರೋದು ಪಾಪ ಅವನಿಗೆ ಗೊತ್ತಾಗಬಾರ್ದು.”

“ಅಯ್ಯೋ ಪೆದ್ದೀ, ಗೊತ್ತಾಗಿದೆ. ಮಾರ್ಕೆಟ್ಟಲ್ಲಿ ಸಿಕ್ಕಿದ್ದ. ಹೊಸ ಹಾಡು ಬರೆದಿದ್ದಾನಂತೆ. ಎರಡೇ ಚರಣ.”

“ಮೂರನೇದು?”

“‘ಹೇಗೂ ನೀವೇ ಹಾಡ್ತೀರಲ್ಲ, ನೀವೇ ಬರ್ಕೊಂಡು ಬನ್ನಿ’ ಅಂದ.”

ಮ್ಯಾವಿಸ್ ಬೆರಿಲ್ ಕೈಚೀಲದ ಕಡೆ ನೋಡಿದರು.

“ಬರ್ದಿದ್ದೀಯಾ?”

ಬೆರಿಲ್ ಕೈಚೀಲದಿಂದ ಗೀಚಿ ಹೊಡೆದುಹಾಕಿದ ಹಾಳೆಯೊಂದನ್ನು ತೆಗೆದರು. “ಒಂದು ವಾರ ಕೂತಿದ್ದಕ್ಕೆ ಒಂದೇ ಸಾಲು ಬಂತು. ಆ ಮನುಷ್ಯ ಇನ್ನೂರು ಹಾಡು ಹೇಗೆ ಬರೆದ್ನೋ!”

“ಕೊಡಿಲ್ಲಿ ಪೆನ್ನು. ಒಂದು ಹಾಡಿಗೆ ಗಂಡನ್ನೇ ಕೊಟ್ಟೋಳು ನಾನು, ಒಂದು ಚರಣ ಏನ್ ಮಹಾ!”

ಮೇಲಿನ ಕೋಣೆಯ ಬಾಗಿಲು ತೆರೆಯಿತು. ಇಬ್ಬರೂ ಹಾಳೆಯಿಂದ ತಲೆ ಎತ್ತದೆ, ಬೆರಳು ಮಡಚಿ ಅಕ್ಷರ ಎಣಿಸುತ್ತ ಮೇಲೆ ಹತ್ತಿದರು.